446 ಬೈಟ್‌ಗಳ ಜಾಗ

ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವವರ ಪಾಡು ಬಹುಕಾಲ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಅವಲಂಬಿಸಿತ್ತು. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಮಾಸ್ಟರ್ ಬೂಟ್ ರೆಕಾರ್ಡ್ ಅದು. ನಾಲ್ಕು ಪಾರ್ಟಿಷನ್‌ಗಳ ಪಟ್ಟಿ ಕಳೆದರೆ, ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮಿಗೆ ಉಳಿಯುತ್ತಿದ್ದುದು ಹೆಚ್ಚೆಂದರೆ 446 ಬೈಟ್.

ಲಿನಕ್ಸ್‌ನ ಬೂಟ್ ಪ್ರೋಗ್ರಾಮುಗಳಾದ ಲಿಲೋ, ಆಮೇಲೆ 1995ರಲ್ಲಿ ಶುರುವಾದ ಗ್ರಬ್, ಸಾಮಾನ್ಯವಾಗಿ ಇದೇ ಇಕ್ಕಟ್ಟಿನಲ್ಲಿ ಬಂದು ಕೂತವು. ಗ್ರಬ್‌ನ ಮೊದಲ ತುಣುಕು ಮಾತ್ರ ಅಲ್ಲಿ, ಉಳಿದ ಫೈಲುಗಳು ಲಿನಕ್ಸ್ ಪಾರ್ಟಿಷನ್ನಿನಲ್ಲಿ. ಕೆನೊನಿಕಲ್ ಸಂಸ್ಥೆ 2011ರವರೆಗೂ ಉಬುಂಟು ಎಂಬ ಲಿನಕ್ಸ್‌ನ ಸಿಡಿಗಳನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. ಭಾರತದ ವಿದ್ಯಾರ್ಥಿಗಳೂ ತರಿಸಿಕೊಂಡು ಪ್ರಯೋಗಕ್ಕಿಳಿದರು. ಬೇಡವೆನಿಸಿ ಲಿನಕ್ಸ್ ಪಾರ್ಟಿಷನ್ ಅಳಿಸಿದವರಿಗೆ ಮರುದಿನ ಕಂಡದ್ದು ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಎಂಬ ಸಾಲು. ವಿಂಡೋಸ್ ಹಾಳಾಗಿರಲಿಲ್ಲ, ಅದಕ್ಕೆ ದಾರಿ ತೋರಿಸುವವರಷ್ಟೇ ಇರಲಿಲ್ಲ.

ಅದಕ್ಕಿಂತ ಕ್ರೂರವಾದದ್ದು ಇನ್ನೊಂದು. ಖರ್ಚು ಉಳಿಸಲು ಅನೇಕ ಕಂಪನಿಗಳು ಮರುಸ್ಥಾಪನೆಯ ಡಿಸ್ಕ್ ಕೊಡುವುದನ್ನು ಬಿಟ್ಟು, ವಿಂಡೋಸಿನ ಮೂಲ ಸ್ಥಿತಿಯ ಪ್ರತಿಯನ್ನು ಲ್ಯಾಪ್‌ಟಾಪಿನ ಗುಪ್ತ ಪಾರ್ಟಿಷನ್ನಿನಲ್ಲೇ ಇಟ್ಟವು. ಕೆಲವು ಬ್ರಾಂಡ್‌ಗಳಲ್ಲಿ ಅದನ್ನು ಎಬ್ಬಿಸುವ ಕೀಲಿಯ ಸಂಕೇತವೂ ಅದೇ 446 ಬೈಟ್‌ಗಳಲ್ಲಿತ್ತು. ಗ್ರಬ್ ಅದರ ಮೇಲೆ ಬರೆದುಕೊಂಡರೆ ಕೀಲಿ ಸತ್ತಂತೆಯೇ. ಹಣ ಕೊಟ್ಟು ಕೊಂಡವರಿಗೆ ಒಂದು ಡಿಸ್ಕನ್ನೂ ಕೊಡದಿದ್ದುದು ಅನ್ಯಾಯವೇ ಸರಿ.

2012ರ ವಿಂಡೋಸ್ 8 ಜೊತೆ ಯಂತ್ರವನ್ನು ಎಬ್ಬಿಸುವ ಹೊಸ ವ್ಯವಸ್ಥೆಯಾದ ಯುಇಎಫ್‌ಐ ವ್ಯಾಪಕವಾಯಿತು. ಪ್ರತಿ ಸಿಸ್ಟಂಗೂ ತನ್ನದೇ ಬೂಟ್ ಫೋಲ್ಡರ್ ಸಿಕ್ಕಿತು. ಮೂಲ ಸ್ಥಿತಿಗೆ ಮರಳಿಸುವ ‘ರಿಸೆಟ್’ ವಿಂಡೋಸಿನೊಳಗೇ ಬಂತು. 2020ರಿಂದ ವಿಂಡೋಸ್ 10 ತನ್ನ ಪ್ರತಿಯನ್ನು ಅಂತರ್ಜಾಲದಿಂದಲೇ ಇಳಿಸಿಕೊಳ್ಳಬಲ್ಲದು. ಆದರೂ ಲಿನಕ್ಸ್ ಅಳಿಸಿದ ಮೇಲೆ ಉಳಿಯುವ ಉಬುಂಟುವಿನ ಹಳೆಯ ಬೂಟ್ ಫೋಲ್ಡರನ್ನು ಸಾಮಾನ್ಯವಾಗಿ ಕೈಯಾರೆ ಅಳಿಸಬೇಕು.