ಎಡಗೈ ಊಟ

ಅತ್ತೆಯವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯ ಕೊನೆಯ ಸಾಲಿನಲ್ಲಿ ‘ಪಿ.ಟಿ., ಓ.ಟಿ.’ ಎಂದು ಬರೆದಿತ್ತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಪಿ.ಟಿ. ಎಂದರೆ ಮೈದಾನದಲ್ಲಿ ಸೀಟಿ ಊದುವ ಮೇಷ್ಟ್ರು, ಓ.ಟಿ. ಎಂದರೆ ಆಪರೇಷನ್ ಥಿಯೇಟರು. ನಮ್ಮ ಯಜಮಾನರು ಚೀಟಿ ನೋಡಿ ಮುಖ ಸಪ್ಪಗೆ ಮಾಡಿಕೊಂಡು, “ಇನ್ನು ಕುಯ್ಯೋದು ಬೇರೆ ಇದೆಯೇನೇ?” ಎಂದರು. ಕೇಳೋಣವೆಂದರೆ ಡಾಕ್ಟರು ರೌಂಡ್ಸ್ ಮುಗಿಸಿ ಹೊರಟುಹೋಗಿದ್ದರು. ಬಿಲ್ಲಿನ ಕಿಟಕಿಯ ಹುಡುಗನಿಗೆ ಗೊತ್ತಿರಲಿಲ್ಲ. ಆ ಎರಡಕ್ಷರದ ಅರ್ಥ ನನಗೆ ತಿಳಿಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ನಾನು ಅವರಿಗೆ ತುತ್ತು ಕೊಟ್ಟು ಉಣ್ಣಿಸಿದೆ.

ಅವರಿಗೆ ಬಡಿದದ್ದು ಬಲಭಾಗದ ಲಕ್ವ. ಮಿದುಳಿನ ಎಡ ಅರ್ಧ ದೇಹದ ಬಲ ಅರ್ಧವನ್ನು ಆಳುತ್ತದೆ. ಎಡಗಡೆಯ ರಕ್ತನಾಳವೊಂದು ಕಟ್ಟಿಕೊಂಡು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ತೊದಲಿದ ಮಾತು ಕೆಲವು ವಾರಗಳಲ್ಲಿ ತಿರುಗಿ ಬಂತು. ಕಾಲು ಎಳೆದೆಳೆದು ಹಾಕುವ ಮಟ್ಟಿಗೆ ಬಂತು. ಕೈ ಮಾತ್ರ ಬರಲಿಲ್ಲ. ಎಡಗೈ ಗಟ್ಟಿಯಾಗಿಯೇ ಇತ್ತು, ಆದರೆ ಎಡಗೈಯಲ್ಲಿ ಉಣ್ಣುವುದೆಂದರೆ! “ಆ ಕೈ ಎಲ್ಲಿಗೆ ಹೋಗತ್ತೆ ಅಂತ ನಿಂಗೊತ್ತಿಲ್ವೇನೇ?” ಎಂದು ಮುಖ ತಿರುಗಿಸುತ್ತಿದ್ದರು. ನಾನೂ ಬಲವಂತ ಮಾಡಲಿಲ್ಲ. ಅವರಿಗೆ ಉಣ್ಣಿಸಿ, ಬಾಯಿ ಒರೆಸಿ, ಮಲಗಿಸಿ, ಆಮೇಲೆ ಆರಿದ ಅನ್ನಕ್ಕೆ ಆರಿದ ಸಾರು ಕಲಸಿಕೊಂಡು ಸ್ಕೂಲಿಗೆ ಓಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅತ್ತೆಗೆ ತುತ್ತು ಕೊಡುವ ಸೊಸೆ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದುದು ನನಗೆ ಹಿತವಾಗಿಯೇ ಇತ್ತು.

ಐದನೆಯ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು, ಜಿಲ್ಲಾ ಕೇಂದ್ರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬಳಿದ್ದಾಳೆ, ತೋರಿಸಿ ಎಂದರು. ಓ.ಟಿ. ಎಂದರೆ ಅದು! ಹೋದೆವು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಕೈ ಮುಟ್ಟಿ ನೋಡುವ ಮೊದಲೇ ಕೇಳಿದಳು: “ಅಜ್ಜಿ, ಕಾಯಿಲೆಗೆ ಮುಂಚೆ ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?” ನಾನು ಅಭ್ಯಾಸಬಲದಿಂದ ಉತ್ತರ ಶುರುಮಾಡಿದೆ. “ನಾನು ಅಜ್ಜೀನ ಕೇಳಿದ್ದು, ಮೇಡಂ” ಎಂದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, “ಬತ್ತಿ ಹೊಸೀತಿದ್ದೆ” ಎಂದರು.

ಈ ವಿದ್ಯೆಗೆ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎನ್ನುತ್ತಾರೆ. ಈ ಹೆಸರು ದಾರಿ ತಪ್ಪಿಸುತ್ತದೆ. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಇನ್ನೆಂಥ ಉದ್ಯೋಗ ಎಂದು ನಾನೂ ನಕ್ಕಿದ್ದೆ. ಇಲ್ಲಿ ಆ ಮಾತಿನ ಅರ್ಥ ಸಂಬಳದ ಕೆಲಸವಲ್ಲ. ಒಬ್ಬ ಮನುಷ್ಯನ ದಿನ ಯಾವ ಯಾವ ಕೆಲಸಗಳಿಂದ ತುಂಬಿರುತ್ತದೋ ಅದು. ಮೀಯುವುದು, ಉಡುವುದು, ಉಣ್ಣುವುದು, ಬತ್ತಿ ಹೊಸೆಯುವುದು. ಯಾವುದನ್ನಾದರೂ ಹುಟ್ಟಿದ ಕಡೆಯಿಂದ ತಿಳಿಯದಿದ್ದರೆ ನನಗೆ ಸಮಾಧಾನವಿಲ್ಲ. ರಜೆಯಲ್ಲಿ ಕೂತು ಇದರ ಚರಿತ್ರೆ ಓದಿದೆ.

ಕೆಲಸವೇ ಮದ್ದು ಎಂಬ ನಂಬಿಕೆ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ವಿಲಿಯಂ ಟ್ಯೂಕ್ ಮನೋರೋಗಿಗಳಿಗಾಗಿ ತೆರೆದ ‘ರಿಟ್ರೀಟ್’ ಎಂಬ ಆಶ್ರಯದಲ್ಲಿ ಸರಪಳಿಯ ಬದಲು ತೋಟದ ಕೆಲಸ, ಹೊಲಿಗೆಗಳನ್ನು ಕೊಡುತ್ತಿದ್ದರು. ಆದರೆ ಈ ವಿದ್ಯೆಗೆ ಹೆಸರಿಟ್ಟವನು ಡಾಕ್ಟರನಲ್ಲ, ರೋಗಿ. ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ಕ್ಷಯದಿಂದ ನರಳಿದ, ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು, ಅದರ ಬೆನ್ನಿಗೇ ದೇಹದ ಎಡಭಾಗ ಸ್ವಾಧೀನ ತಪ್ಪಿತು. ಅವನಿಗೆ ಆದದ್ದು ಅತ್ತೆಯವರಿಗೆ ಆದಂಥ ರಕ್ತನಾಳದ ಲಕ್ವವಲ್ಲ, ಆದರೆ ಅರ್ಧ ಮೈಯನ್ನು ಎಳೆದುಕೊಂಡು ಬದುಕುವ ಪಾಡು ಒಂದೇ. 1914ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ ಮನೆ ಮಾಡಿ, ಅದಕ್ಕೆ ‘ಕನ್ಸೊಲೇಷನ್ ಹೌಸ್’ ಎಂದು ಹೆಸರಿಟ್ಟ, ಸಾಂತ್ವನದ ಮನೆ. ಬಡಗಿ ಕೆಲಸ, ತೋಟದ ಕೆಲಸ ಹಿಡಿದು ತನ್ನ ಮೈಯ ಮೇಲೆಯೇ ಪ್ರಯೋಗ ಮಾಡಿ ಚೇತರಿಸಿಕೊಂಡ. 1917ರ ಮಾರ್ಚ್ 15ರಿಂದ 17ರವರೆಗೆ ಅದೇ ಮನೆಯಲ್ಲಿ ಆರು ಜನ ಸೇರಿ ಈ ಚಿಕಿತ್ಸೆಯ ಮೊದಲ ಸಂಘ ಕಟ್ಟಿದರು.

ಆ ಆರರಲ್ಲಿ ಮೂವರು ಹೆಂಗಸರು: ಎಲಿನರ್ ಕ್ಲಾರ್ಕ್ ಸ್ಲೇಗಲ್, ಸುಸಾನ್ ಕಾಕ್ಸ್ ಜಾನ್ಸನ್, ಮತ್ತು ಬಾರ್ಟನ್ನನ ಕಾರ್ಯದರ್ಶಿ ಇಸಬೆಲ್ ನ್ಯೂಟನ್. ಈ ಇಸಬೆಲ್ ಮುಂದೆ ಅವನನ್ನೇ ಮದುವೆಯಾದಳು. ಬರಲಾಗದವರಲ್ಲಿ ಸುಸಾನ್ ಟ್ರೇಸಿ ಎಂಬ ನರ್ಸ್ ಒಬ್ಬಳು. ಹಾಸಿಗೆ ಹಿಡಿದವರಿಗೆ ಕೊಡಬಹುದಾದ ಕೆಲಸಗಳ ಬಗ್ಗೆ ಅವಳು 1910ರಲ್ಲೇ ಪುಸ್ತಕ ಬರೆದಿದ್ದಳು. ಸಂಘ ಹುಟ್ಟಿ ತಿಂಗಳು ತುಂಬುವ ಮೊದಲೇ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಗಾಯಾಳು ಸೈನಿಕರಿಗೆ ಕೈಕೆಲಸ ಕಲಿಸಲು ನೂರಾರು ಹೆಂಗಸರು ‘ರಿಕನ್‌ಸ್ಟ್ರಕ್ಷನ್ ಏಡ್’ ಎಂಬ ಹೆಸರಿನಲ್ಲಿ ಸೇರಿದರು. ಸೈನ್ಯದ ಆಸ್ಪತ್ರೆಯಲ್ಲಿ ದುಡಿದರೂ ಅವರಿಗೆ ಸೈನ್ಯದ ದರ್ಜೆ ಸಿಗಲಿಲ್ಲ. ಇದರಲ್ಲಿ ನಮಗೆ ಹೊಸದೇನೂ ಇಲ್ಲ.

ನಮ್ಮ ದೇಶಕ್ಕೆ ಇದನ್ನು ತಂದವರೂ ಒಬ್ಬ ಹೆಂಗಸು, ಅದೂ ಸೊಸೆಯಾಗಿ ಬಂದವರು. ಎಲಿಜಬೆತ್ ಲಂಡಿ ಎಂಬ ಅಮೆರಿಕನ್ ಹೆಣ್ಣುಮಗಳು ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ 1930ರಲ್ಲಿ ಭಾರತಕ್ಕೆ ಬಂದು ಕಮಲಾ ನಿಂಬಕರ್ ಆದರು. ನಲವತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಈ ಚಿಕಿತ್ಸೆಯನ್ನು ಕಲಿತು ಬಂದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ಭಾರತದಲ್ಲಿ ಅದೇ ಮೊದಲನೆಯದು. 1952ರಲ್ಲಿ ಈ ವೃತ್ತಿಯ ವಿಶ್ವ ಸಂಘ ಹುಟ್ಟಿದಾಗ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಇವರ ಸೊಸೆ ಲೇಖಕಿ ಜಾಯಿ ನಿಂಬಕರ್, ಇರಾವತಿ ಕರ್ವೆಯವರ ಮಗಳು. ನಲವತ್ತರ ಮೇಲೆ ಹೊಸ ವಿದ್ಯೆಗೆ ಕೂತವರ ಸಂಗತಿ ಓದಿದಾಗ ನನಗೆ ಇಂಥ ಪಕ್ಕದ ವಿವರಗಳೂ ಬೇಕೆನಿಸುತ್ತವೆ. ಈಗ ಮಣಿಪಾಲದಲ್ಲೂ ಇದರ ಪದವಿ ಶಿಕ್ಷಣವಿದೆ. ಆದರೂ ನಮ್ಮಂಥ ಊರಿನಲ್ಲಿ ಓ.ಟಿ. ಎಂದರೆ ಇಂದಿಗೂ ಆಪರೇಷನ್ ಥಿಯೇಟರೇ.

ಆ ಹುಡುಗಿ ಅತ್ತೆಯವರಿಗೆ ನೂರಕ್ಕೆ ಮೂವತ್ತೈದು ಅಂಕ ಕೊಟ್ಟಳು. ನಾನು ಬೆಚ್ಚಿದೆ, ನಮ್ಮಲ್ಲಿ ಅದು ಪಾಸು, ಅಲ್ಲಿ ಅದು ಹೆಚ್ಚುಕಡಿಮೆ ಪರಾಧೀನ. ಈ ಅಂಕಪಟ್ಟಿ ಮೇರಿಲ್ಯಾಂಡಿನ ಫ್ಲಾರೆನ್ಸ್ ಮಹೋನಿ ಎಂಬ ಡಾಕ್ಟರೂ ಡೊರೊಥಿಯಾ ಬಾರ್ಥೆಲ್ ಎಂಬ ಫಿಸಿಯೋಥೆರಪಿಸ್ಟೂ 1965ರಲ್ಲಿ ಪ್ರಕಟಿಸಿದ್ದು. ಹತ್ತು ವಿಷಯ. ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ 15, ನಡೆಯುವುದಕ್ಕೆ 15, ಊಟಕ್ಕೆ 10, ಬಟ್ಟೆಗೆ 10, ಸ್ನಾನಕ್ಕೆ ಬರೀ 5. ಸ್ನಾನದಲ್ಲಿ ಅರ್ಧ ಅಂಕವೆಂಬುದಿಲ್ಲ. ಪೂರ್ತಿ ಸ್ವಂತವಾಗಿ ಮಿಂದರೆ ಐದು, ಇಲ್ಲದಿದ್ದರೆ ಸೊನ್ನೆ. ತಲೆ ಬಾಚಿಕೊಳ್ಳುವುದು, ಮುಖ ತೊಳೆಯುವುದು ಸೇರಿ ಮತ್ತೊಂದು ಐದು. ಅಲ್ಲಿ ಒಂದು ಸೂಚನೆಯಿದೆ: ಹೆಂಗಸರು ಜಡೆ ಹೆಣೆದುಕೊಳ್ಳಬೇಕಾಗಿಲ್ಲ. ಒಂದೇ ಕೈಯಲ್ಲಿ ಜಡೆ ಆಗದೆಂದು ಬರೆದವರಿಗೆ ಗೊತ್ತಿತ್ತು. ಪ್ರಶ್ನೆಪತ್ರಿಕೆ ತೆಗೆದವರು ಹೆಂಗಸರೇ ಎಂಬುದು ಅಷ್ಟರಿಂದಲೇ ತಿಳಿಯಿತು. ಊಟ ಯಾವ ಕೈಯಲ್ಲಿ ಎಂದು ಮಾತ್ರ ಅಲ್ಲಿ ಕೇಳಿಲ್ಲ.

ಇನ್ನೊಂದು ಪಟ್ಟಿ 1969ರದು, ಲಾಟನ್ ಮತ್ತು ಬ್ರೋಡಿ ಎಂಬ ಇಬ್ಬರದು. ಅದು ಅಂಗಡಿ, ಫೋನು, ಮಾತ್ರೆ, ಹಣಕಾಸು, ಅಡುಗೆ ಮುಂತಾದ ಎಂಟು ಕೆಲಸಗಳನ್ನು ಕೇಳುತ್ತದೆ. ಹೆಂಗಸರಿಗೆ ಎಂಟಕ್ಕೆ, ಗಂಡಸರಿಗೆ ಐದಕ್ಕೇ ಲೆಕ್ಕ. ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು ಗಂಡಸರ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ಯಜಮಾನರಿಗೆ ಓದಿ ಹೇಳಿದೆ. “ಸರಿಯಾಗೇ ಇದೆಯಲ್ಲ” ಎಂದರು. ನನಗೆ ಅದು ಬೇರೆ ಥರ ಕಂಡಿತು. ಲಕ್ವ ಹೊಡೆದ ಗಂಡಸು ನಡೆದಾಡುವಂತಾದರೆ ಗುಣವಾಯಿತೆಂದು ಮನೆಯವರು ನೆಮ್ಮದಿಪಡುತ್ತಾರೆ. ಹೆಂಗಸಿನ ದಿನ ಅಷ್ಟಕ್ಕೆ ಹಿಂತಿರುಗಿ ಬರುವುದಿಲ್ಲ. ಅದು ಅಡುಗೆಮನೆಯಲ್ಲಿ, ದೇವರ ಮುಂದೆ ಬಿದ್ದಿರುತ್ತದೆ. ಅದನ್ನೇ ನಾನು ಐದು ತಿಂಗಳಿಂದ “ನೀವು ಸುಮ್ಮನೆ ಕೂತಿರಿ ಅತ್ತೆ” ಎಂದು ಅವರ ಕೈಯಿಂದ ಕಿತ್ತುಕೊಂಡಿದ್ದೆ.

ಥೆರಪಿಸ್ಟ್ ಹೇಳಿಕೊಟ್ಟದ್ದರಲ್ಲಿ ಮಂತ್ರವೇನೂ ಇರಲಿಲ್ಲ. ರವಿಕೆ ತೊಡುವಾಗ ಮೊದಲು ಸೋತ ಕೈಗೆ ತೋಳು ಹಾಕಬೇಕು, ಬಿಚ್ಚುವಾಗ ಗಟ್ಟಿ ಕೈಯಿಂದ ಮೊದಲು. ಇಷ್ಟು ತಿಳಿಯದೆ ನಾನು ದಿನಾ ಅವರ ಭುಜ ಎಳೆದು ನೋಯಿಸಿದ್ದೆ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ತಟ್ಟೆಗೆ ಎತ್ತರದ ಅಂಚು. ಈಳಿಗೆಮಣೆಗೆ ಎರಡು ಕೈ ಬೇಕೇ ಬೇಕು, ಆದ್ದರಿಂದ ಬಡಗಿಯಿಂದ ಒಂದು ಹಲಗೆಗೆ ಎರಡು ಸ್ಟೀಲ್ ಮೊಳೆ ಹೊಡೆಸಿ, ಅದಕ್ಕೆ ಬದನೆಕಾಯಿ ಚುಚ್ಚಿ ನಿಲ್ಲಿಸಿ, ಎಡಗೈಯ ಚಾಕುವಿನಲ್ಲಿ ಹೆಚ್ಚುವುದು. ಒಂಟಿಗೈಯವರಿಗೆಂದು ತೂಗಿ ಕತ್ತರಿಸುವ ಬಾಗಿದ ಚಾಕುವೊಂದಿದೆ, ಅದಕ್ಕೆ ನೆಲ್ಸನ್ ಚಾಕು ಎನ್ನುತ್ತಾರೆ. ಟ್ರಫಾಲ್ಗರ್ ಕದನದ ನೆಲ್ಸನ್ ಬಲಗೈ ಕಳೆದುಕೊಂಡದ್ದು 1797ರಲ್ಲಿ. ಇಷ್ಟು ವರ್ಷ ಅವನ ಯುದ್ಧಗಳನ್ನು ಪಾಠ ಮಾಡಿದೆ, ಅವನು ಹೇಗೆ ಉಣ್ಣುತ್ತಿದ್ದನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬತ್ತಿಗೆ ಅವಳು ಒಂದು ದಾರಿ ಮಾಡಿದಳು. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಹತ್ತಿ, ಹತ್ತಿಯ ಮೇಲೆ ಅಲುಗದ ಬಲಗೈ. ಎಡಗೈ ಎಳೆಯಬೇಕು, ಹೊಸೆಯಬೇಕು. “ಕಾಗದ ಹಾರದ ಹಾಗೆ ಕಲ್ಲು ಇಡ್ತೀವಲ್ಲ ಅಜ್ಜಿ, ಸದ್ಯಕ್ಕೆ ಆ ಕೈ ಆ ಕಲ್ಲು.” ಮೊದಲ ದಿನ ಮೂರು ಬತ್ತಿ, ಮೂರೂ ಹುಳದ ಹಾಗೆ ಸೊಟ್ಟ. ಅತ್ತೆ ಅವನ್ನೇ ಆ ಸಂಜೆ ದೇವರಿಗೆ ಹಚ್ಚಿಸಿದರು.

ಎಡಗೈ ಊಟದ ವಿಷಯಕ್ಕೆ ಅವಳು ವಾದಕ್ಕೇ ಇಳಿಯಲಿಲ್ಲ. “ಅನ್ನ ಮುಟ್ಟೋದು ಕೈಯಲ್ಲ, ಚಮಚ ಅಲ್ವಾ?” ಎಂದಳು. ಅತ್ತೆ ಎರಡು ದಿನ ಯೋಚಿಸಿದರು. ಮೂರನೆಯ ದಿನ, “ಬೆಳ್ಳಿಗೆ ಮೈಲಿಗೆ ಇಲ್ಲ, ಬೀರೂನಲ್ಲಿ ನಿನ್ನ ಮಗನ ನಾಮಕರಣದ ಚಮಚ ಇದೆ ನೋಡು” ಎಂದರು. ಮಗುವಿಗೆ ಬಂದ ಚಮಚ ತೀರ ಪುಟ್ಟದು. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಸೀರೆಯೆಲ್ಲ ಸಾರು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದಕ್ಕೆ ಎಳೆದುಕೊಂಡು ಕೂರುವುದು ಅವರಿಗಿಂತ ನನಗೇ ಕಷ್ಟವಾಯಿತು.

ವರ್ಷದ ಮೇಲೆ ಅಂಕ 75 ಆಯಿತು. ಮೆಟ್ಟಿಲಿನ ಹತ್ತು ಇನ್ನೂ ಬಂದಿಲ್ಲ. ಬಲಗೈ ಇಂದಿಗೂ ಕಲ್ಲೇ.

ಆ ಮಾಘದಲ್ಲಿ ನಾದಿನಿಯ ಮಗಳ ಮದುವೆ. ಅತ್ತೆ ಪಂಕ್ತಿಯಲ್ಲಿ ಕೂರುತ್ತೇನೆಂದರು. ಬಾಳೆಲೆಯ ಮೇಲೆ ಚಮಚಕ್ಕೆ ಅನ್ನ ಸಿಕ್ಕುವುದಿಲ್ಲವೆಂದು ಅಂಚಿನ ತಟ್ಟೆಯನ್ನು ಚೀಲದಲ್ಲಿ ಕೊಂಡೊಯ್ದಿದ್ದೆವು. ಎದುರು ಸಾಲಿನ ಹೆಂಗಸೊಬ್ಬರು ಅವರ ಎಡಗೈ ನೋಡಿ, ಆಮೇಲೆ ನನ್ನನ್ನು ನೋಡಿ, “ಅಯ್ಯೋ, ಸೊಸೆ ಒಂದು ತುತ್ತು ಕೊಡಬಾರದೇ?” ಎಂದರು. ನನ್ನ ಮುಖ ಬಿಸಿಯಾಯಿತು. ಅತ್ತೆ ಚಮಚ ಕೆಳಗಿಡಲಿಲ್ಲ.

“ಅವಳಿಗೂ ಹಸಿವಾಗಿದೆ. ಉಣ್ಣಲಿ ಬಿಡಿ” ಎಂದರು.

ಬಡಿಸುವವರು ಸಾರು ತಂದರು. ಬಿಸಿಯಾಗಿತ್ತು.