ಸಲಗಾ: ಒಂದು ಸಂತೆಯೂರಿನ ವೃತ್ತಾಂತ

ರಾಜಧಾನಿಗಳ ಚರಿತ್ರೆಯನ್ನು ಬರೆಯುವವರು ಬಹುಮಂದಿ. ಸಂತೆಯೂರುಗಳ ಚರಿತ್ರೆಯನ್ನು ಬರೆಯುವವರು ವಿರಳ. ರಾಜಧಾನಿಯಲ್ಲಿ ಶಾಸನಗಳಿರುತ್ತವೆ, ಅರಮನೆಗಳಿರುತ್ತವೆ, ಹೊಗಳುಭಟರ ಕಾವ್ಯಗಳಿರುತ್ತವೆ. ಸಂತೆಯೂರಿನಲ್ಲಾದರೋ ಬೆಳಗ್ಗೆ ಸಂತೆ ನೆರೆದು ಸಂಜೆಗೆ ಚೆದರಿದ ಮೇಲೆ ಉಳಿಯುವುದು ಧೂಳು ಮಾತ್ರ. ಹಾಗಿದ್ದರೂ ಮನುಷ್ಯನು ಯಾವ ಯಾವುದಕ್ಕೆ ಬೆಲೆ ಕಟ್ಟಿದನು, ಮಾರಬಾರದ ಏನನ್ನು ಮಾರಿದನು ಎಂಬುದನ್ನು ಅರಿಯಬೇಕಾದರೆ ಸಂತೆಯೂರಿಗೇ ಹೋಗಬೇಕು. ಅಂತಹ ಒಂದು ಊರಿಗೆ ವಾಚಕರನ್ನು ಕರೆದೊಯ್ಯಬೇಕೆಂಬುದು ನನ್ನ ಅಪೇಕ್ಷೆ. ಅದು ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿರುವ ಸಲಗಾ. ಹೆಸರು ನಮ್ಮ ಕಿವಿಗೆ ಕಾಡಿನ ಸಲಗವನ್ನು ನೆನಪಿಗೆ ತಂದರೂ ಆನೆಗೂ ಅದಕ್ಕೂ ಸಂಬಂಧವಿಲ್ಲ. ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ. ನಿವೃತ್ತನಾದ ಮೇಲೆ ದೊರೆತ ವಿರಾಮದಲ್ಲಿ, ಅಲ್ಲಿಗೆ ಹೋಗಿಬಂದವರ ಬರಹಗಳ ಕೈಹಿಡಿದು ನಡೆದವನು.

ಗಿನಿ ತೀರದಿಂದ ಉತ್ತರಕ್ಕೆ ಹೊರಟರೆ ಮೊದಲು ದಟ್ಟವಾದ ಮಳೆಗಾಡು, ಅದು ಮುಗಿದೊಡನೆ ಭೂಗೋಳದ ಪುಸ್ತಕಗಳಲ್ಲಿ ಸವಾನಾ ಎಂದು ಹೆಸರಾದ ಹುಲ್ಲುಬಯಲು. ಅಲ್ಲಿ ವರ್ಷದಲ್ಲಿ ಅರ್ಧ ಭಾಗ ಮಳೆ, ಉಳಿದರ್ಧ ಬೇಸಗೆ. ಚಳಿಗಾಲದ ತಿಂಗಳುಗಳಲ್ಲಿ ಸಹರಾ ಮರುಭೂಮಿಯ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸಿ, ಸೂರ್ಯನನ್ನೂ ಮಸುಕು ಮಾಡುವಷ್ಟು ಧೂಳನ್ನು ತರುತ್ತದೆ. ಬಯಲಿನಲ್ಲಿ ಚೆದರಿ ನಿಂತ ಮರಗಳಲ್ಲಿ ಮುಖ್ಯವಾದುದು ಬಾವೋಬಾಬ್. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆಯೆಂದು ಪ್ರಸಿದ್ಧವಾಗಿರುವ ಮಹಾವೃಕ್ಷಗಳು ಇದೇ ಜಾತಿಯವು. ಇಂತಹ ಬಯಲಿನ ನಡುವೆ, ತಮಾಲೆ ಪಟ್ಟಣದಿಂದ ಆಗ್ನೇಯಕ್ಕೆ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರುಗಳ ದೂರದಲ್ಲಿ ಸಲಗಾ ಇರುತ್ತದೆ. ಅದು ಗೊಂಜಾ ಎಂಬ ಹಳೆಯ ರಾಜ್ಯಕ್ಕೆ ಸೇರಿದ ಊರು. ಆಳುವ ಪ್ರಭು ಇರುತ್ತಿದ್ದುದು ಹತ್ತಿರದ ಕ್ಪೆಂಬೆಯಲ್ಲಿ. ವರ್ತಕರು ಇರುತ್ತಿದ್ದುದು ಸಲಗಾದಲ್ಲಿ.

ಅಲ್ಲಿ ನದಿಯಿಲ್ಲ, ಗಣಿಯಿಲ್ಲ, ಫಲವತ್ತಾದ ಭೂಮಿಯೂ ಇಲ್ಲ. ಆದರೂ ಅಲ್ಲೇ ಪೇಟೆ ಬೆಳೆದುದೇಕೆ? ಕಾಡು ಮುಗಿದು ಬಯಲು ಮೊದಲಾಗುವ ಎಡೆಗೆ ಅದು ಸಮೀಪವಾಗಿದ್ದುದೇ ಕಾರಣ. ದಕ್ಷಿಣದ ಆಸಾಂಟೆ ಕಾಡುಗಳಲ್ಲಿ ಕೋಲಾ ಎಂಬ ಮರ ಬೆಳೆಯುತ್ತದೆ. ಅದರ ಬೀಜವನ್ನು ಅಗಿದರೆ ಮೊದಲು ಕಹಿ, ಆಮೇಲೆ ಕುಡಿದ ನೀರು ನೆಲ್ಲಿಕಾಯಿ ತಿಂದವನಿಗೆ ರುಚಿಸುವಂತೆ ಸಿಹಿ. ಆಯಾಸವನ್ನೂ ಹಸಿವನ್ನೂ ಅದು ಕೆಲಕಾಲ ಮರೆಸುತ್ತದೆ. ನಮ್ಮಲ್ಲಿ ಅತಿಥಿಗೆ ತಾಂಬೂಲ ಕೊಡುವಂತೆ ಅಲ್ಲಿ ಕೋಲಾ ಕೊಡುತ್ತಾರೆ. ಮದುವೆ, ನಾಮಕರಣ, ರಾಜಿ, ಯಾವುದೂ ಅದಿಲ್ಲದೆ ನಡೆಯದು. ೧೮೦೪ರಲ್ಲಿ ಉಸ್ಮಾನ್ ದಾನ್ ಫೋದಿಯೊ ಎಂಬ ಧರ್ಮೋಪದೇಶಕನು ಹೌಸಾ ನಾಡಿನಲ್ಲಿ ಯುದ್ಧವನ್ನಾರಂಭಿಸಿ ಸೊಕೊಟೊ ಸಾಮ್ರಾಜ್ಯಕ್ಕೆ ತಳಹದಿ ಹಾಕಿದ ಮೇಲೆ, ಮದ್ಯ ನಿಷಿದ್ಧವೂ ಕೋಲಾ ಸಮ್ಮತವೂ ಆಗಿದ್ದ ಆ ಸೀಮೆಯಲ್ಲಿ ಇದಕ್ಕೆ ಗಿರಾಕಿ ಹೆಚ್ಚಿತು. ಕಾನೋ ಮುಂತಾದ ಪಟ್ಟಣಗಳಿಂದ ಕತ್ತೆಗಳ ಸಾಲುಗಳೊಡನೆ ಸಾವಿರಾರು ಜನ ವರ್ತಕರು ತಿಂಗಳುಗಟ್ಟಲೆ ನಡೆದು ಬರುತ್ತಿದ್ದರು. ಕೋಲಾ ಒಣಗಿದರೆ ಕೆಟ್ಟಿತು. ಆದುದರಿಂದ ವೀಳ್ಯದೆಲೆಯ ಪಿಂಡಿಯನ್ನು ಕಾಪಾಡುವವರಂತೆ, ಹಸಿ ಎಲೆಗಳಲ್ಲಿ ಸುತ್ತಿ, ದಾರಿಯಲ್ಲಿ ಆಗಾಗ ಬಿಚ್ಚಿ, ಕೊಳೆತುದನ್ನು ಆರಿಸಿ, ಮತ್ತೆ ಕಟ್ಟಿ ಒಯ್ಯಬೇಕಾಗಿತ್ತು. ಗೊಂಜಾವನ್ನು ಹದಿನೆಂಟನೆಯ ಶತಮಾನದಲ್ಲೇ ಅಧೀನಪಡಿಸಿಕೊಂಡಿದ್ದ ಆಸಾಂಟೆಯ ಅರಸರು ಜಾಣರು. ಉತ್ತರದ ವರ್ತಕರನ್ನು ಸಲಗಾ ದಾಟಿ ತಮ್ಮ ಕಾಡುಗಳಿಗೆ ಬರಗೊಡದೆ, ವ್ಯಾಪಾರವೆಲ್ಲ ಈ ಗಡಿಯ ಪೇಟೆಯಲ್ಲೇ ನಡೆಯತಕ್ಕದ್ದೆಂದು ಕಟ್ಟುಮಾಡಿದರು. ೧೮೧೭ರಲ್ಲಿ ಅವರ ರಾಜಧಾನಿಯಾದ ಕುಮಾಸಿಗೆ ಬಂದ ಬೌಡಿಚ್ ಎಂಬ ಆಂಗ್ಲೇಯನು ಸಲಗಾವನ್ನು ನೋಡದೆಯೇ ಅದರ ಖ್ಯಾತಿಯನ್ನು ಕೇಳಿ ಬರೆದಿಟ್ಟನು.

ಬಂದ ವರ್ತಕನು ಬೀದಿಯಲ್ಲಿ ಇಳಿದುಕೊಳ್ಳುವಂತಿರಲಿಲ್ಲ. ಮೈಗಿಡಾ, ಅಂದರೆ ಮನೆಯೊಡೆಯ, ಎಂಬವನು ಅವನಿಗೆ ಬಿಡಾರ ಕೊಟ್ಟು, ಸರಕಿಗೆ ಕಾವಲಾಗಿ, ಸಾಲಕ್ಕೆ ಹೊಣೆಯಾಗಿ, ವ್ಯಾಪಾರ ಕುದುರಿದ ಮೇಲೆ ತನ್ನ ಪಾಲನ್ನು ತೆಗೆದುಕೊಳ್ಳುತ್ತಿದ್ದನು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಬೆಲೆ ಗೊತ್ತು ಮಾಡುವವನಿಗೆ ಹೌಸಾ ಭಾಷೆಯಲ್ಲಿ ದಿಲ್ಲಾಲಿ ಎಂದು ಹೆಸರು. ಇದು ನಮ್ಮ ದಲ್ಲಾಳಿಯೇ! ಅರಬ್ಬೀ ಶಬ್ದವೊಂದು ಒಂದು ಕಡೆ ಸಹರಾ ದಾಟಿ, ಇನ್ನೊಂದು ಕಡೆ ಸಮುದ್ರ ದಾಟಿ, ಎರಡು ನಾಡುಗಳ ಪೇಟೆಗಳಲ್ಲಿ ಒಂದೇ ಉದ್ಯೋಗಕ್ಕೆ ನಿಂತಿದೆ.

ಇನ್ನು ನಾಣ್ಯದ ವಿಚಾರ. ಸಲಗಾದಲ್ಲಿ ನಡೆಯುತ್ತಿದ್ದ ನಾಣ್ಯ ಕವಡೆ. ಐದೈದಾಗಿ ಎಳೆದು ಎಣಿಸಿ ರಾಶಿ ಮಾಡುವುದು ಅಲ್ಲಿನ ಪದ್ಧತಿ. ಈ ಕವಡೆ ಆಫ್ರಿಕದ ಪಶ್ಚಿಮ ಸಮುದ್ರದ್ದಲ್ಲ. ಬಹುಕಾಲ ಅದು ಬಂದುದು ನಮ್ಮ ನೆರೆಯ ಮಾಲ್ದೀವು ದ್ವೀಪಗಳಿಂದ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗಳನ್ನು ಕಂಡು ಬರೆದ ಇಬ್ನ್ ಬತೂತನು ಅನಂತರ ಮಾಲ್ದೀವಿನಲ್ಲಿ ಕವಡೆಯ ಕೊಯ್ಲನ್ನು ನೋಡಿದನು. ಕೆಲವು ವರ್ಷಗಳು ಕಳೆದು, ೧೩೫೨-೫೩ರಲ್ಲಿ, ಪಶ್ಚಿಮ ಆಫ್ರಿಕದ ಮಾಲಿ ರಾಜ್ಯಕ್ಕೆ ಹೋದಾಗ ಅದೇ ಕವಡೆ ಅಲ್ಲಿ ಹಣವಾಗಿ ಚಲಿಸುತ್ತಿದ್ದುದನ್ನೂ ಕಂಡನು. ಮುಂದೆ ಯೂರೋಪಿನ ಹಡಗುಗಳು ಅದನ್ನು ತಳಭಾರವಾಗಿ ತುಂಬಿ ಲಿಸ್ಬನ್, ಆಂಸ್ಟರ್‌ಡಾಂ, ಲಂಡನುಗಳಿಗೆ ಒಯ್ದು, ಅಲ್ಲಿಂದ ಗಿನಿ ತೀರಕ್ಕೆ ಸಾಗಿಸಿ, ಅದನ್ನು ತೆತ್ತು ಮನುಷ್ಯರನ್ನು ಕೊಂಡವು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಜಾಂಜಿಬಾರಿನ ಕಡೆಯ ಕವಡೆಯೂ ಬಂದು ಸೇರಿತು. ಕವಡೆಕಾಸಿನ ಬೆಲೆಯಿಲ್ಲವೆಂದು ನಾವು ಹಗುರವಾಗಿ ಆಡುವ ಮಾತಿನ ಹಿಂದೆ ಇಷ್ಟು ದೂರದ ಪ್ರಯಾಣವಿದೆ.

ಸಲಗಾದಲ್ಲಿಯೂ ಕವಡೆಗೆ ದೊರೆಯುತ್ತಿದ್ದುದು ಕೋಲಾ, ಉಪ್ಪು, ಬಟ್ಟೆ, ದನ, ಚರ್ಮ ಇವಿಷ್ಟೇ ಅಲ್ಲ. ಉತ್ತರದ ಹಳ್ಳಿಗಳಲ್ಲಿ ದಾಳಿಕಾರರು ಹಿಡಿದ ಗಂಡಸರು, ಹೆಂಗಸರು, ಮಕ್ಕಳು ಆ ಪೇಟೆಯ ಮುಖ್ಯ ಸರಕಾಗಿದ್ದರು. ಸಮುದ್ರದಾಚೆಗೆ ದಾಸರನ್ನು ಸಾಗಿಸುವುದನ್ನು ಇಂಗ್ಲೆಂಡು ೧೮೦೭ರಲ್ಲಿ ನಿಷೇಧಿಸಿದ್ದರೂ ಒಳನಾಡಿನ ಪೇಟೆ ನಿಲ್ಲಲಿಲ್ಲ. ಕಾಡಿನಲ್ಲಿ ಹೊರೆ ಹೊರಲು, ತೋಟದಲ್ಲಿ ದುಡಿಯಲು, ಮನೆಗೆಲಸ ಮಾಡಲು ದಕ್ಷಿಣದವರಿಗೆ ಆಳುಗಳು ಬೇಕಾಗಿದ್ದರು.

೧೮೭೪ರಲ್ಲಿ ಆಂಗ್ಲ ಸೈನ್ಯವು ಕುಮಾಸಿಯನ್ನು ಸುಟ್ಟಿತು. ಒಡೆಯನು ಬಿದ್ದನೆಂದು ತಿಳಿದೊಡನೆ ಸಲಗಾದ ಸೀಮೆಯವರು ದಂಗೆಯೆದ್ದು, ತಮ್ಮಲ್ಲಿದ್ದ ಆಸಾಂಟೆ ಜನರನ್ನು ಕೊಂದರು. ಆಸಾಂಟೆಯವರು ಪ್ರತಿಯಾಗಿ ಕೋಲಾ ವ್ಯಾಪಾರವನ್ನು ಕಿಂಟಾಂಪೊ ಎಂಬ ಬೇರೆ ಪೇಟೆಗೆ ತಿರುಗಿಸಿದರು. ಹೀಗೆ ಕೋಲಾ ಕಡಿಮೆಯಾಯಿತು, ದಾಸವಿಕ್ರಯ ಕಡಿಮೆಯಾಗಲಿಲ್ಲ. ಸದ್ವಸ್ತು ಹೊರಟುಹೋಗಿ ದುರ್ವಸ್ತು ಉಳಿದ ಈ ಕಾಲದಲ್ಲಿಯೇ ಹೊರಗಿನ ಯಾತ್ರಿಕರು ಸಲಗಾವನ್ನು ನೋಡಿದರು. ೧೮೭೬ರಲ್ಲಿ ಫ್ರಾನ್ಸಿನ ಬೊನ್ನಾ ಎಂಬಾತ ಬಂದನು. ಅವನು ತಾನೇ ೧೮೬೯ರಿಂದ ೧೮೭೪ರ ವರೆಗೆ ಆಸಾಂಟೆಯವರ ಸೆರೆಯಲ್ಲಿದ್ದವನು. ೧೮೭೭ರಲ್ಲಿ ಬಂದವನು ಥಿಯೊಫಿಲಸ್ ಒಪೊಕು, ಕರಾವಳಿಯ ಕಡೆಯ ಆಫ್ರಿಕನ್ ಪಾದ್ರಿ. ಅವನು ಸೇರಿದ್ದ ಬಾಸೆಲ್ ಮಿಷನ್ನು ನಮಗೆ ಅಪರಿಚಿತವಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೯೪ರಲ್ಲಿ ಕಿಟೆಲರ ನಿಘಂಟನ್ನು ಅಚ್ಚುಮಾಡಿದ ಸಂಸ್ಥೆಯೇ ಅದು. ಕಟ್ಟಿಹಾಕಿದ ಮನುಷ್ಯರನ್ನು ಬಿಸಿಲಿನಲ್ಲಿ ಮಾರಾಟಕ್ಕೆ ಕೂರಿಸಿದ್ದುದನ್ನು ಒಪೊಕು ಕಂಡನು; ಕಂಡುದನ್ನು ವ್ಯಥೆಯಿಂದ ಬರೆದನು.

ಊರಿನಲ್ಲಿ ನೀರಿನ ಅಭಾವ. ಆದುದರಿಂದ ಜಂಬಿಟ್ಟಿಗೆಯಂತಹ ಕೆಂಪುಕಲ್ಲಿನ ನೆಲವನ್ನು ಕೊರೆದು ನೂರಾರು ಬಾವಿಗಳನ್ನು ಮಾಡಿದ್ದರು; ಬೇಸಗೆಯಲ್ಲಿ ನೀರೂ ಕವಡೆಗೆ ಮಾರಾಟವಾಗುತ್ತಿತ್ತು. ಅವುಗಳಲ್ಲಿ ಒಂದು ತಾಣಕ್ಕೆ ಹೌಸಾ ಭಾಷೆಯಲ್ಲಿ ‘ವಂಕನ್ ಬಾವಾ’ ಎಂದು ಹೆಸರು. ದಾಸರ ಸ್ನಾನವೆಂದು ಅರ್ಥ. ದೂರದ ನಡಿಗೆಯಿಂದ ಬಳಲಿ ಬಂದವರನ್ನು ಪೇಟೆಗೆ ಒಯ್ಯುವ ಮುನ್ನ ಅಲ್ಲಿ ತೊಳೆಯುತ್ತಿದ್ದರು. ನಮ್ಮಲ್ಲಿ ಸ್ನಾನವೆಂದರೆ ಶುದ್ಧಿ; ಅಲ್ಲಿ ಸ್ನಾನವೆಂದರೆ ಬೆಲೆ ಏರಿಸುವ ಉಪಾಯ.

ಇದನ್ನು ಓದಿದ ದಿನ ನನಗೆ ನನ್ನ ಪಾಠದ ಕೊಠಡಿ ನೆನಪಿಗೆ ಬಂದಿತು. ಭಾಸ್ಕರಾಚಾರ್ಯರ ಲೀಲಾವತಿ ೧೧೫೦ರ ಗ್ರಂಥ. ಅದರ ಮೊದಲಲ್ಲೇ ಹಣದ ಕೋಷ್ಟಕವಿದೆ. ೨೦ ಕವಡೆಗೆ ಒಂದು ಕಾಕಿಣಿ, ೪ ಕಾಕಿಣಿಗೆ ಒಂದು ಪಣ, ೧೬ ಪಣಕ್ಕೆ ಒಂದು ದ್ರಮ್ಮ, ೧೬ ದ್ರಮ್ಮಕ್ಕೆ ಒಂದು ನಿಷ್ಕ. ಮುಂದೆ ವ್ಯಸ್ತತ್ರೈರಾಶಿಕದ ಪ್ರಕರಣದಲ್ಲಿ ಒಂದು ಲೆಕ್ಕ: ಹದಿನಾರು ವರ್ಷದ ಹೆಣ್ಣು ೩೨ ನಿಷ್ಕ ಪಡೆದರೆ ಇಪ್ಪತ್ತು ವರ್ಷದವಳು ಎಷ್ಟು ಪಡೆದಾಳು? ಅದೇ ಶ್ಲೋಕದ ಉತ್ತರಾರ್ಧದಲ್ಲಿ ನೊಗಕ್ಕೆ ಕಟ್ಟಿದ ಎತ್ತಿನ ಬೆಲೆಯ ಲೆಕ್ಕ. ವಯಸ್ಸು ಏರಿದಂತೆ ಬೆಲೆ ಇಳಿಯುವುದರಿಂದ ಹೆಣ್ಣಿನ ಬೆಲೆ ೨೫ ನಿಷ್ಕ ಮತ್ತು ಐದರಲ್ಲಿ ಮೂರು ಭಾಗ. ಈ ಲೆಕ್ಕವನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಉತ್ತರ ತಪ್ಪಿದವರನ್ನು ಗದರಿದ್ದೇನೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಗುರುಗಳೇ, ಶ್ಲೋಕದಲ್ಲಿ ಪಡೆಯುತ್ತಾಳೆ ಎಂದು ಇದೆಯಲ್ಲ; ಆ ಹಣ ಅವಳ ಕೈಗೆ ಬರುತ್ತದೆಯೇ?” ಎಂದು ಕೇಳಿದಳು. “ವ್ಯಾಕರಣದಲ್ಲಿ ಆಕೆ ಕರ್ತೃ, ಅಷ್ಟೇ, ಹಣ ಮಾರಿದವನಿಗೆ. ಅದು ಲೆಕ್ಕದ ಹೊರಗಿನ ವಿಷಯ, ಕುಳಿತುಕೋ” ಎಂದೆನು. ಅವಳು ಕುಳಿತಳು.

ಸಲಗಾದ ವೃತ್ತಾಂತವನ್ನು ಓದಿ ಮುಗಿಸಿದ ರಾತ್ರಿ ಆ ಲೆಕ್ಕವನ್ನು ಕವಡೆಗೆ ಇಳಿಸಿ ನೋಡಿದೆನು. ಒಂದು ನಿಷ್ಕಕ್ಕೆ ೨೦,೪೮೦ ಕವಡೆ. ೩೨ ನಿಷ್ಕಕ್ಕೆ ೬,೫೫,೩೬೦. ಐದೈದಾಗಿ ಎಣಿಸಿದರೆ ಒಂದು ಲಕ್ಷದ ಮೂವತ್ತೊಂದು ಸಾವಿರ ಸಲ ಕೈ ಚಾಚಬೇಕು. ಅಷ್ಟು ಹೊತ್ತು ಆ ಹುಡುಗಿ ಎದುರಿಗೇ ನಿಂತಿರಬೇಕು. ಆಚಾರ್ಯರನ್ನು ದೂಷಿಸುವುದು ನನ್ನ ಉದ್ದೇಶವಲ್ಲ; ಅವರು ತಮ್ಮ ಕಾಲದ ಪೇಟೆಯನ್ನು ಶ್ಲೋಕದಲ್ಲಿ ಹಿಡಿದರು. ಎಂಟುನೂರು ವರ್ಷಗಳ ಅನಂತರ ಅದನ್ನು ಪಾಠ ಹೇಳಿದ ನಾನು ಆಕೆಯನ್ನು ಸಂಖ್ಯೆಯಾಗಿಯೇ ಕಂಡೆನು. ಅದಕ್ಕೆ ಉತ್ತರವಾದಿ ನಾನು. ಆಫ್ರಿಕದ ಒಂದು ಊರಿನ ಪಾಪವನ್ನು ಓದಿ ತಲೆದೂಗುವುದು ಸುಲಭ. ಆ ಪೇಟೆಯ ಕವಡೆಯೂ ದಲ್ಲಾಳಿಯೂ ಲೆಕ್ಕವೂ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇವೆಯೆಂದು ಒಪ್ಪಿಕೊಳ್ಳುವುದು ಕಷ್ಟ.

ಅದು ಹಾಗಿರಲಿ. ಸಲಗಾದಲ್ಲಿ ಪೇಟೆ ಮಾತ್ರವಲ್ಲ, ವಿದ್ಯೆಯೂ ಇದ್ದಿತು. ಗೊಂಜಾದ ಪಂಡಿತರು ಹದಿನೆಂಟನೆಯ ಶತಮಾನದಲ್ಲೇ ತಮ್ಮ ರಾಜ್ಯದ ಚರಿತ್ರೆಯನ್ನು ಅರಬ್ಬಿಯಲ್ಲಿ ಬರೆದಿದ್ದರು. ಕಾನೋದಲ್ಲಿ ಜನಿಸಿ ಸಲಗಾಕ್ಕೆ ಬಂದು ನೆಲಸಿದ ಅಲ್‌ಹಾಜ್ ಉಮರ್ ಎಂಬ ವಿದ್ವಾಂಸನು ಶಿಷ್ಯರಿಗೆ ಪಾಠ ಹೇಳುತ್ತ, ಅರಬ್ಬಿಯಲ್ಲಿಯೂ ಹೌಸಾದಲ್ಲಿಯೂ ಪದ್ಯಗಳನ್ನು ರಚಿಸಿದನು. ಯೂರೋಪಿಯನರ ಆಗಮನವನ್ನೂ ಅದರಿಂದಾದ ಪಲ್ಲಟವನ್ನೂ ಕುರಿತು ಬರೆದನು. ಕತ್ತೆಗಳ ಕೂಗು, ದಲ್ಲಾಳಿಗಳ ಗದ್ದಲ, ಸರಪಣಿಯ ಸದ್ದು ಇವುಗಳ ನಡುವೆ ಛಂದಸ್ಸಿನ ಪಾಠವೂ ನಡೆಯುತ್ತಿತ್ತೆಂಬುದು ಸಂತೋಷದ ಸಂಗತಿಯೋ ವಿಷಾದದ ಸಂಗತಿಯೋ ನಾನು ಹೇಳಲಾರೆನು. ಪಾಠ ಹೇಳುವವನು ಸಾಮಾನ್ಯವಾಗಿ ಕಿಟಕಿಯ ಹೊರಗೆ ನೋಡುವುದಿಲ್ಲವೆಂಬುದನ್ನು ಮಾತ್ರ ಬಲ್ಲೆನು.

ಊರಿನ ಅವನತಿಯನ್ನು ಸಂಗ್ರಹವಾಗಿ ಹೇಳುತ್ತೇನೆ. ೧೮೮೮ರಲ್ಲಿ ಫ್ರಾನ್ಸಿನ ಬಿಂಜೆ ಎಂಬ ಯಾತ್ರಿಕನು ಬಂದಾಗಲೇ ಸಲಗಾ ತನ್ನ ಹಿಂದಿನ ಕೀರ್ತಿಗಿಂತ ಬಹಳ ಕುಗ್ಗಿತ್ತು. ಅದೇ ವರ್ಷ ಇಂಗ್ಲೆಂಡು ಜರ್ಮನಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಆ ಸೀಮೆಯನ್ನು ಇಬ್ಬರಿಗೂ ಸೇರದ ತಟಸ್ಥ ಪ್ರದೇಶವೆಂದು ನಿರ್ಣಯಿಸಿದವು. ಅಲ್ಲಿನವರನ್ನು ಯಾರೂ ಕೇಳಲಿಲ್ಲ. ೧೮೯೧-೯೨ರಲ್ಲಿ ಕ್ಪೆಂಬೆಯ ಗದ್ದುಗೆಗಾಗಿ ರಾಜಮನೆತನದ ಶಾಖೆಗಳೊಳಗೆ ಯುದ್ಧ ಹೊತ್ತಿಕೊಂಡು, ನೆರೆಯ ಡಗೋಂಬಾ ಸೈನ್ಯವೂ ಅದರಲ್ಲಿ ಸೇರಿ, ಸಲಗಾ ಹಾಳಾಯಿತು. ವರ್ತಕರು ಊರು ಬಿಟ್ಟರು. ಉಮರನೂ ಕೆಟೆ ಕ್ರಾಚಿಗೆ ಹೋಗಿ ನೆಲಸಿ, ೧೯೩೪ರಲ್ಲಿ ಕಾಲವಾದನು. ೧೮೯೪ರಲ್ಲಿ ಆಂಗ್ಲರ ಪರವಾಗಿ ಫಾಂಟಿ ಜನಾಂಗದ ಜಾರ್ಜ್ ಎಕೆಮ್ ಫರ್ಗುಸನ್ ಬಂದು ಕೌಲು ಬರೆಯಿಸಿಕೊಂಡನು. ೧೮೯೯ರಲ್ಲಿ ತಟಸ್ಥ ಪ್ರದೇಶವನ್ನು ಹಂಚಿಕೊಂಡಾಗ ಸಲಗಾ ಆಂಗ್ಲರ ಪಾಲಾಯಿತು. ಮುಂದೆ ತಮಾಲೆ ಆಡಳಿತದ ಕೇಂದ್ರವಾಯಿತು, ಬಂಡಿಯ ದಾರಿಗಳು ಬೇರೆಯಾದವು. ೧೯೫೭ರಲ್ಲಿ ದೇಶವು ಸ್ವತಂತ್ರವಾಯಿತು. ೧೯೬೫ರಲ್ಲಿ ಅಕೊಸೊಂಬೊ ಅಣೆಕಟ್ಟು ಮುಗಿದು ವೋಲ್ಟಾ ನದಿ ಸರೋವರವಾದಾಗ, ಉಮರನು ಆಶ್ರಯ ಪಡೆದಿದ್ದ ಹಳೆಯ ಕೆಟೆ ಕ್ರಾಚಿಯೇ ನೀರಿನಲ್ಲಿ ಮುಳುಗಿತು. ನೀರಿಲ್ಲದ ಊರಿನಿಂದ ಓಡಿದವರ ಊರನ್ನು ನೀರೇ ನುಂಗಿತು.

ಸಲಗಾ ಇಂದಿಗೂ ಇದೆ. ೨೦೧೯ರಲ್ಲಿ ರಚಿತವಾದ ಸವಾನಾ ಪ್ರಾಂತಕ್ಕೆ ಸೇರಿದೆ. ಈಗ ಅದು ಗೆಣಸು, ಜೋಳಗಳ ಸಾಧಾರಣವಾದ ಸಂತೆಯೂರು. ದಾಸರನ್ನು ಮಾರುತ್ತಿದ್ದ ಬಯಲಿನಲ್ಲಿ ಹಿಂದೆ ಇದ್ದ ಬಾವೋಬಾಬ್ ಮರ ಹೋಗಿ, ಅದರ ನೆನಪಿಗೆ ಇನ್ನೊಂದನ್ನು ನೆಟ್ಟಿದ್ದಾರೆ. ಬಾವಿಗಳು ಉಳಿದಿವೆ. ಅವುಗಳ ಹೆಸರನ್ನೇ ಇಟ್ಟು ಆಯೇಷಾ ಹಾರೂನಾ ಅತ್ತಾ ಎಂಬ ಘಾನಾದ ಲೇಖಕಿ ೨೦೧೮ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದ್ದಾರೆ. ಅವಮಾನದ ಗುರುತುಗಳನ್ನು ಅಳಿಸಿಹಾಕುವುದು ಲೋಕರೂಢಿ. ಆ ಊರಿನವರಾದರೋ ಮರವನ್ನು ಮತ್ತೆ ನೆಟ್ಟರು, ಬಾವಿಯ ಹೆಸರನ್ನು ಬದಲಿಸಲಿಲ್ಲ. ಇದರಿಂದ ನಾನು ಕಲಿತುದು ಸ್ವಲ್ಪವಲ್ಲ. ನಮ್ಮ ಓಣಿಯ ಇಬ್ಬರು ಮಕ್ಕಳು ಈಗಲೂ ಸಂಜೆ ಲೀಲಾವತಿಯ ಪಾಠಕ್ಕೆ ಬರುತ್ತಾರೆ. ಆ ಲೆಕ್ಕ ಬಂದಾಗ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ಮೊದಲಿನಂತೆ ಹೇಳುವುದೂ ಇಲ್ಲ. ಉತ್ತರ ಬರೆದಾದ ಮೇಲೆ ಹಲಗೆಯನ್ನು ಕೆಳಗಿಡಿಸಿ ಸಲಗಾದ ಕಥೆಯನ್ನು ಹೇಳುತ್ತೇನೆ. ಅಂದು ಎದ್ದುನಿಂತು ಕೇಳಿದ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ತಿಳಿಯದು. ಈ ಪತ್ರಿಕೆ ಅವಳ ಕೈಗೆ ಸಿಕ್ಕಿದರೆ, ಅವಳ ಪ್ರಶ್ನೆ ಲೆಕ್ಕದ ಹೊರಗಿನದಾಗಿರಲಿಲ್ಲವೆಂದು ಅವಳ ಗುರು ಒಪ್ಪಿಕೊಂಡಿರುವನೆಂದು ತಿಳಿಯಲಿ.