ಬೇಲಿಯ ಹೂವು, ಕೊಟ್ಟಿಗೆಯ ಕೇಡು



ಧನಗೆರೆಯ ಹೆಸರನ್ನು ಕಾಗದದ ಮೇಲೆ ಬರೆಯುವಾಗ ಧನ ಎಂದೇ ಬರೆಯುತ್ತೇವೆ. ಬಾಯಲ್ಲಿ ಆಡುವಾಗ ಮಾತ್ರ ಅದು ದನಗೆರೆಯೇ ಆಗಿಬಿಡುತ್ತದೆ. ಎರಡೂ ಸರಿ ಅನ್ನಿ. ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ದನ ಉಳ್ಳವನ ಮನೆಯಲ್ಲಿ ತಾನೆ ಧನ ಇದ್ದದ್ದು? ಆದ್ದರಿಂದ ಈ ದಿನ ದನಕ್ಕೆ ಕೇಡು ತರುವ ಒಂದು ಗಿಡದ ಚರಿತ್ರೆಯನ್ನು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ಈ ಚರಿತ್ರೆಯಲ್ಲಿ ನನ್ನದೂ ಒಂದು ತಪ್ಪು ಸೇರಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಲಂಟಾನದ ಗಿಡ ಯಾರಿಗೆ ಗೊತ್ತಿಲ್ಲ? ಹಳದಿಯಾಗಿ ಅರಳಿ ಕೆಂಪಿಗೋ ಗುಲಾಬಿ ಬಣ್ಣಕ್ಕೋ ತಿರುಗುವ ಗೊಂಚಲು ಹೂವು, ಕೈಯಿಟ್ಟರೆ ತರಚುವ ಕಾಂಡ, ಉಜ್ಜಿದರೆ ಮೂಗಿಗೆ ಅಡರುವ ಘಾಟು ಎಲೆ. ಕೆಲವು ಕಡೆ ರೋಜವಾಳ ಅಂತಾರೆ, ಕೆಲವು ಕಡೆ ಚದುರಂಗಿ ಅಂತಾರೆ. ಹೊಲದ ಬದುವಿನಲ್ಲಿ ಅದೇ, ರಸ್ತೆಯ ಮಗ್ಗುಲಲ್ಲಿ ಅದೇ, ಹಿತ್ತಿಲ ಬೇಲಿಯಲ್ಲಿಯೂ ಅದೇ. ಇದು ನಮ್ಮ ನೆಲದಲ್ಲೇ ಹುಟ್ಟಿದ ಗಿಡ ಎಂದು ನಂಬಿರುವವರು ಬಹಳ ಮಂದಿ. ಹಾಗಲ್ಲ. ಇದು ಹೂದೋಟದ ಚೆಂದಕ್ಕೆಂದು ಕರೆದು ತಂದ ಗಿಡ.

ಇದರ ತವರು ಅಮೆರಿಕ ಖಂಡದ ಉಷ್ಣಸೀಮೆ. 17ನೇ ಶತಮಾನದಲ್ಲಿ ಡಚ್ಚರ ಮೂಲಕ ಯೂರೋಪಿಗೆ ಹೋಯಿತು. ಅಲ್ಲಿ ಚಳಿ ತಡೆಯದ ಈ ಗಿಡವನ್ನು ಗಾಜಿನ ಮನೆಗಳಲ್ಲಿ ಇಟ್ಟು ಸಾಕಿದರು. ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಲಂಟಾನ ಕಮಾರ ಎಂದು ಶಾಸ್ತ್ರದ ಹೆಸರಿಟ್ಟನು. ಆಮೇಲೆ ತೋಟಗಾರರು ಒಂದು ಜಾತಿಗೆ ಇನ್ನೊಂದನ್ನು ಬೆರೆಸಿ ಹಳದಿ, ಕಿತ್ತಳೆ, ಕೆಂಪು, ನಸುಗೆಂಪು ಅಂತ ಬಗೆಬಗೆಯ ಬಣ್ಣ ತೆಗೆದರು. ಇಂದು ನಮ್ಮ ಬದುವಿನಲ್ಲಿ ನಿಂತಿರುವುದು ಹೀಗೆ ಕೈಮಾಡಿ ಬೆರೆಸಿದ ಸಂತತಿ. ತೋಟಗಾರ ಹೂವಿನ ಬಣ್ಣ ನೋಡಿದ, ಎಲೆಯೊಳಗೆ ಏನಿದೆ ಎಂದು ನೋಡುವ ಗರಜು ಅವನಿಗೆ ಇರಲಿಲ್ಲ.

1809ರಲ್ಲಿ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ದೊರೆಗಳ ಬಂಗಲೆಗೆ ಬಂತು, ಬಂಗಲೆಯ ಅಂಗಳದಿಂದ ಬೇಲಿಗೆ ಬಂತು. ಬೇಲಿಗೆ ಬಂದದ್ದು ಏಕೆ ಎಂಬುದನ್ನು ಮಾತ್ರ ಗಮನವಿಟ್ಟು ಕೇಳಿ: ದನ ಅದನ್ನು ಮೇಯುವುದಿಲ್ಲ ಎಂಬ ಒಂದೇ ಕಾರಣಕ್ಕೆ. ನೀರು ಕೇಳದು, ಗೊಬ್ಬರ ಕೇಳದು, ಕಡಿದಷ್ಟೂ ಚಿಗುರುವುದು, ದನಕರು ಬಾಯಿ ಹಾಕದು. ಇದಕ್ಕಿಂತ ಒಳ್ಳೆಯ ಬೇಲಿ ಇನ್ನೇನು ಬೇಕು ಅಂತ ಎಲ್ಲರೂ ಅಂದುಕೊಂಡರು. ದನ ಏಕೆ ಬಾಯಿ ಹಾಕದು ಎಂದು ಕೇಳಿದವರು ಕಡಿಮೆ.

ಬೇಲಿ ಬೇಲಿಯಲ್ಲಿಯೇ ನಿಲ್ಲಲಿಲ್ಲ. ಕರಿಯ ಹಣ್ಣನ್ನು ಪಿಕಳಾರ ಮೊದಲಾದ ಹಕ್ಕಿಗಳು ತಿಂದು ಹೋದಲ್ಲೆಲ್ಲ ಬೀಜ ಉದುರಿಸಿದವು. 19ನೇ ಶತಮಾನ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಬೀಳುಬಿದ್ದ ಕಾಫಿ ಭೂಮಿಯನ್ನೂ ಗಂಧದ ಕಾಡನ್ನೂ ಇದು ಮುಚ್ಚಿಕೊಂಡು ಬಂದಿತ್ತು. ಅದೇ ಕೊಡಗಿನಲ್ಲಿ 1899ರ ಸುಮಾರಿಗೆ ಗಂಧದ ಮರಕ್ಕೆ ಸ್ಪೈಕ್ ರೋಗ ಕಾಣಿಸಿತು. ಎಲೆ ಸಣ್ಣದಾಗಿ, ಕಡ್ಡಿಯಾಗಿ, ಮರ ಒಣಗುವ ರೋಗ. ಸಂಶಯ ಲಂಟಾನದ ಮೇಲೆ ಹೋಯಿತು. ಆ ರೋಗಕ್ಕೆ ಕಾರಣ ಬರಿಗಣ್ಣಿಗೆ ಕಾಣದ ಬೇರೊಂದು ಸೂಕ್ಷ್ಮಜೀವಿ ಎಂಬುದು 1969ರಲ್ಲಿ ತಿಳಿಯಿತು. ಆದರೂ ಗಂಧದ ದೆಸೆಯಿಂದಲಾದರೂ ಲಂಟಾನದ ವಿಚಾರಣೆ ಶುರುವಾಯಿತಲ್ಲ, ಅದೇ ಲಾಭ. ಗಂಧ ಸರ್ಕಾರದ ಸೊತ್ತು, ದನ ಬಡವನ ಸೊತ್ತು. ಯಾವುದರ ವಿಚಾರಣೆ ಮೊದಲು ಆಗುತ್ತದೆ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಆಗ ನಮ್ಮ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರಿನಲ್ಲಿ ಈ ಕಡೆಗೆ ಬಂದೆವು. ಮದರಾಸು ಸೀಮೆಯ ಒಣಭೂಮಿಯಲ್ಲಿ ಆ ಕಾಲಕ್ಕೆ ದೊಡ್ಡ ಪೀಡೆಯೆಂದರೆ ಪಾಪಾಸುಕಳ್ಳಿ. ಅದೂ ಅಮೆರಿಕದಿಂದ ಬಂದ ಅತಿಥಿಯೇ. 1926ರಲ್ಲಿ ಸಿಂಹಳದಿಂದ ಒಂದು ಜಾತಿಯ ಕೊಚಿನೀಲ್ ಹುಳು ತಂದು ಬಿಟ್ಟರು. ಹತ್ತಿಯಂತೆ ಬೆಳ್ಳಗೆ ಅಂಟಿಕೊಂಡು ಆ ಹುಳು ಕೆಲವೇ ವರ್ಷಗಳಲ್ಲಿ ಕಳ್ಳಿಯನ್ನು ಕರಗಿಸಿಬಿಟ್ಟಿತು. ಲಂಟಾನಕ್ಕೂ ಇಂಥ ಒಂದು ಹುಳು ಸಿಕ್ಕೀತು ಎಂಬ ಆಸೆ ಆಗಲೇ ಇತ್ತು. ವೈ. ರಾಮಚಂದ್ರರಾಯರು ಇಂಡಿಯಾ ಬರ್ಮಾ ದೇಶಗಳಲ್ಲಿ ಲಂಟಾನದ ಮೇಲೆ ಕೂರುವ ಕೀಟಗಳನ್ನು ಹುಡುಕಿ 1920ರಲ್ಲಿ ವರದಿ ಬರೆದರು. ನೂರಕ್ಕೂ ಹೆಚ್ಚು ಜಾತಿ ಸಿಕ್ಕಿದವು, ಗಿಡವನ್ನು ಅಡಗಿಸುವಂಥದು ಒಂದೂ ಇರಲಿಲ್ಲ. 1921ರಲ್ಲಿ ಹವಾಯಿ ದ್ವೀಪದಿಂದ ಬೀಜ ಕೊರೆಯುವ ಒಂದು ನೊಣವನ್ನು ತಂದರು. ನೊಣ ಬದುಕಿತು, ಗಿಡವೂ ಬದುಕಿತು. 1941ರಲ್ಲಿ ಆಸ್ಟ್ರೇಲಿಯದಿಂದ ಎಲೆಯ ರಸ ಹೀರುವ ತಿಗಣೆಯೊಂದನ್ನು ಡೆಹರಾಡೂನಿಗೆ ತಂದರು. ಅದು ತೇಗದ ಮರಕ್ಕೆ ತಗುಲೀತೆಂದು ಹೆದರಿ ಸಾಕಿದ್ದನ್ನೆಲ್ಲ ನಾಶ ಮಾಡಿದರು. ಆದರೂ ಅದು ತಪ್ಪಿಸಿಕೊಂಡು ಹೊರಗೆ ನೆಲೆಯೂರಿತು. ಲಂಟಾನಕ್ಕೆ ಇದರಿಂದಲೂ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ವಿಷಯ ಇನ್ನೂ ಹತ್ತಿರದ್ದು. ಹಿಂದೆ ಅಲ್ಲಿನ ಸೋಲಿಗರು ವರ್ಷದ ಮೊದಲ ಭಾಗದಲ್ಲಿಯೇ ನೆಲದ ಮೇಲಿನ ತರಗನ್ನು ಸುಟ್ಟುಬಿಡುತ್ತಿದ್ದರು. ತರಗುಬೆಂಕಿ ಅಂತ ಅದರ ಹೆಸರು. ಬೆಂಕಿ ಮೊಣಕಾಲು ಮೀರದು, ಮರ ಸುಡದು, ಹುಲ್ಲು ಚಿಗುರುವುದು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಬೆಂಕಿ ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಏರಿತು ಅಂತ ಸೋಲಿಗರ ಹಿರಿಯರು ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅಲ್ಲಿ ಗುರುತುಹಾಕಿ ಅಳೆದ ತಾಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ನೂರಕ್ಕೆ 81ರಲ್ಲಿ ಇತ್ತು. ಲಂಟಾನ ಬಂದ ಕಡೆ ಹುಲ್ಲು ಏಳುವುದಿಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯ ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ, ನೋಡಲು ಬಹಳ ಚೆನ್ನಾಗಿವೆ. ಆದರೆ ಎಷ್ಟು ಕುರ್ಚಿ ಹೆಣೆದರೆ ಒಂದು ಬೆಟ್ಟ ಖಾಲಿಯಾದೀತು ಹೇಳಿ.

ಇನ್ನು ವಿಷದ ಮಾತು. ದಕ್ಷಿಣ ಆಫ್ರಿಕದ ಒಂಡರ್‌ಸ್ಟೆಪೂರ್ಟ್ ಎಂಬಲ್ಲಿ ಪಶುವೈದ್ಯ ಸಂಶೋಧನಾಲಯ ಇದೆ. ಕುರಿಗಳ ಮುಖ ಊದಿ ಹಳದಿಯಾಗಿ ಸಾಯುವ ಒಂದು ರೋಗವನ್ನು 1930ರ ದಶಕದಲ್ಲಿ ಅಲ್ಲಿ ಪರೀಕ್ಷೆ ಮಾಡಿದರು. ಆಗ ಒಂದು ಆಶ್ಚರ್ಯದ ಸಂಗತಿ ಹೊರಬಿತ್ತು. ಹಸುರು ಮೇವಿನಲ್ಲಿರುವ ಪತ್ರಹರಿತ್ತು ದನಕುರಿಗಳ ಹೊಟ್ಟೆಯಲ್ಲಿ ಒಡೆದಾಗ ಒಂದು ಬಣ್ಣದ ವಸ್ತು ಹುಟ್ಟುತ್ತದೆ. ಈಲಿ ನೆಟ್ಟಗಿದ್ದರೆ ಅದನ್ನು ಪಿತ್ತದ ಜೊತೆಯಲ್ಲಿ ಹೊರಗೆ ಹಾಕುತ್ತದೆ. ಈಲಿ ಕೆಟ್ಟು ಪಿತ್ತ ಕಟ್ಟಿಕೊಂಡರೆ ಅದು ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ತಾಕಿದೊಡನೆ ಚರ್ಮ ಬೆಂದುಹೋಗುತ್ತದೆ. ಅಂದರೆ ಸುಡುವುದು ಬಿಸಿಲೇ, ಆದರೆ ಸುಡುವಂತೆ ಮಾಡುವುದು ಒಳಗಿನ ಈಲಿಯ ಕೇಡು. ಅದೇ ಸಂಸ್ಥೆಯಲ್ಲಿ ಲೌ ಎಂಬ ರಸಾಯನಶಾಸ್ತ್ರಜ್ಞನು 1940ರ ದಶಕದಲ್ಲಿ ಲಂಟಾನದ ಎಲೆಯಿಂದಲೇ ವಿಷವನ್ನು ಬೇರೆಮಾಡಿ ತೆಗೆದನು. ಅದಕ್ಕೆ ಲಂಟಡೀನ್ ಎಂದು ಹೆಸರು. ಈಲಿಗೆ ಹೊಡೆಯುವುದು ಅದೇ. ನಮ್ಮ ದೇಶದಲ್ಲಿಯೂ ಹಿಮಾಚಲದ ಪಾಲಂಪುರದಲ್ಲಿರುವ ಪಶುವೈದ್ಯ ಸಂಶೋಧನಾ ಕೇಂದ್ರದವರು ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ.

ಇಲ್ಲಿ ಇನ್ನೊಂದು ಕುಟಿಲ ಉಂಟು. ಈ ವಿಷ ಹೊಕ್ಕ ದನದ ಮೊದಲ ಹೊಟ್ಟೆ ಆಡುವುದನ್ನು ನಿಲ್ಲಿಸಿಬಿಡುತ್ತದೆ. ಮೆಲುಕು ನಿಂತಿತು, ಸಗಣಿ ಕಟ್ಟಿತು. ತಿಂದ ಎಲೆ ಮುಂದಕ್ಕೆ ಹೋಗದೆ ಅಲ್ಲಿಯೇ ಕೂತು ದಿನದಿನವೂ ಸ್ವಲ್ಪ ಸ್ವಲ್ಪ ವಿಷ ಬಿಡುತ್ತಿರುತ್ತದೆ. ಒಂದು ಹೊತ್ತು ಮೇಯ್ದದ್ದಕ್ಕೆ ವಾರಗಟ್ಟಲೆ ನವೆದು ಸಾಯುವುದು ಹೀಗೆ.

ಈಗ ನನ್ನ ತಪ್ಪಿನ ಮಾತು. ಧನಗೆರೆಯ ಕಡೆ ಒಬ್ಬ ರೈತರು ಹಿತ್ತಿಲಿನ ಲಂಟಾನದ ಬೇಲಿ ತೆಗೆಸಲೋ ಬೇಡವೋ ಎಂದು ನನ್ನನ್ನು ಕೇಳಿದ್ದರು. ನಾನು ಡಿಪ್ಲೊಮಾದಲ್ಲಿ ಓದುವಾಗ ಲಂಟಾನವನ್ನು ಕಳೆಗಳ ಪಟ್ಟಿಯಲ್ಲಿ ಕಂಡಿದ್ದೆನೇ ಹೊರತು ವಿಷವೆಂದು ತಲೆಗೆ ಹಾಕಿಕೊಂಡಿರಲಿಲ್ಲ. "ಪುಕ್ಕಟೆ ಬೇಲಿ, ದನ ಮುಟ್ಟೋದಿಲ್ಲ, ಇರಲಿ ಬಿಡಿ" ಅಂದೆ. ಅವರೂ "ನಮ್ ದನ ಅದ ಮೂಸೂ ನೋಡದಿಲ್ಲ ಕನ ಸಾ" ಅಂದರು. ನಾವಿಬ್ಬರೂ ಹೇಳಿದ್ದು ಅವರ ನಾಟಿ ಹಸುಗಳ ಮಟ್ಟಿಗೆ ನಿಜ. ಇಲ್ಲಿಯೇ ಹುಟ್ಟಿ ಬೆಳೆದ ದನ ಅದರ ವಾಸನೆಗೇ ಮುಖ ತಿರುಗಿಸುತ್ತದೆ.

ಮುಂದಿನ ಬೇಸಗೆಯಲ್ಲಿ ಅವರು ನಾಲೆ ಸೀಮೆಯಿಂದ ಒಂದು ಎಚ್‌.ಎಫ್‌. ಕಡಸು ತಂದರು. ಕಪ್ಪು ಬಿಳುಪಿನ ಮೈ, ಎರಡು ತಿಂಗಳ ಗಬ್ಬ. ಮನೆಯಲ್ಲಿ ರಾಗಿಹುಲ್ಲು ಮುಗಿಯುತ್ತ ಬಂದಿತ್ತು. ಬೇಲಿಯ ಪಕ್ಕದ ಗೂಟಕ್ಕೆ ಕಟ್ಟಿದರು. ಊರೆಲ್ಲ ಒಣಗಿದ್ದಾಗ ಹಸುರಾಗಿದ್ದದ್ದು ಆ ಬೇಲಿ ಒಂದೇ. ಹಸಿರು ಹುಲ್ಲು ಮೇಯ್ದು ಬೆಳೆದ ಕಡಸು, ಲಂಟಾನವನ್ನು ಹಿಂದೆ ಕಂಡದ್ದೇ ಇಲ್ಲ. ಹಸಿವು ಬೇರೆ. ಎರಡನೆಯ ದಿನ ಮೇವು ಬಿಟ್ಟಿತು. ನಾಲ್ಕನೆಯ ದಿನ ಕಣ್ಣಿನ ಬಿಳಿ ಹಳದಿಯಾಯಿತು, ಗಂಜಲ ಕಷಾಯದಂತೆ ಆಯಿತು. ಕಾಮಾಲೆ ಎಂದು ನಾಟಿ ಔಷಧ ಕುಡಿಸಿದರು. ಆಮೇಲೆ ಮೂತಿಯ ಚರ್ಮ ಬಿರಿಯಿತು. ಮೈಮೇಲೆ ಬಿಳಿಯ ಮಚ್ಚೆ ಇದ್ದಲ್ಲೆಲ್ಲ ಸುಟ್ಟಂತೆ ಎದ್ದು ಸುಲಿಯಿತು, ಕರಿಯ ಮಚ್ಚೆಯ ಜಾಗ ಹಾಗೆಯೇ ಇತ್ತು. ಯಾರೋ ಸರ್ಪ ಊದಿದೆ ಅಂದರು. ಪಶುವೈದ್ಯರು ಬಂದವರೇ ಒಮ್ಮೆ ಮೈ ನೋಡಿದರು, ಒಮ್ಮೆ ಬೇಲಿ ನೋಡಿದರು, ಯಾರು ಇದನ್ನು ಇಲ್ಲಿ ಕಟ್ಟಿದ್ದು ಅಂದರು. ಹನ್ನೊಂದನೆಯ ದಿನ ಕಡಸು ಸತ್ತಿತು. ಸಾಲದ ಕಂತು ಒಂದೂ ಕಟ್ಟಿರಲಿಲ್ಲ. ಆ ರೈತರು ನನ್ನನ್ನು ಒಂದು ಮಾತೂ ಆಡಲಿಲ್ಲ, ಕಾಫಿ ಕೊಟ್ಟೇ ಕಳಿಸಿದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

ಆ ಬಿಳಿಯ ಮಚ್ಚೆಯನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಳ್ಳಿಕಾರ್ ತಳಿಯ ಚರ್ಮ ಕಪ್ಪು. ಅದಕ್ಕೆ ಈಲಿ ಕೆಟ್ಟರೂ ಮೈಮೇಲೆ ಸುಟ್ಟ ಗುರುತು ಅಷ್ಟಾಗಿ ಕಾಣದು, ಆದ್ದರಿಂದ ಕಣ್ಣಿನ ಬಿಳಿಯನ್ನೂ ಗಂಜಲವನ್ನೂ ನೋಡಬೇಕು. ಹನೂರಿನ ಆಚೆ ಬರಗೂರು ಬೆಟ್ಟದಲ್ಲಿ ಕನ್ನಡ ಮಾತನಾಡುವ ಲಿಂಗಾಯತರು ಸಾಕುವ ಬರಗೂರು ದನ ಕಂದು ಮೈಗೆ ಬಿಳಿ ಮಚ್ಚೆಯದು. ಅದು ಕಾಡಿನಲ್ಲಿಯೇ ಮೇಯ್ದು ಗಿಡದ ಗುಣ ಬಲ್ಲದು. ಮಿಶ್ರತಳಿಯ ಹಸುವಿಗೆ ಬಿಳಿಯ ಮೈಯೂ ಉಂಟು, ಅರಿವೂ ಇಲ್ಲ.

ಹಳಬರು ಗಿಡದ ಗುಣವನ್ನು ಹೆಸರಿನಲ್ಲಿಯೇ ಕಟ್ಟಿಡುತ್ತಿದ್ದರು. ಪೂಜೆಗೆಂದು ಮನೆಯ ಮುಂದೆ ಬೆಳೆಸುವ ಕಣಗಿಲೆಗೆ ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಕರವೀರವೆಂದೂ ಅಶ್ವಮಾರಕವೆಂದೂ ಹೆಸರು. ಕುದುರೆಯನ್ನು ಕೊಲ್ಲುವುದು ಎಂದರ್ಥ. ಅದರ ವಿಷ ಈಲಿಗಲ್ಲ, ಗುಂಡಿಗೆಗೆ. ಒಣಗಿದ ಎಲೆಯಲ್ಲಿಯೂ ವಿಷ ಹೋಗದು. ಕಣಗಿಲೆ ಸವರಿ ಕೊಂಬೆಗಳನ್ನು ಮೇಕೆಯ ದೊಡ್ಡಿಗೆ ಎಸೆಯುವವರು ಈಗಲೂ ಇದ್ದಾರೆ. ಹಳದಿ ಕಣಗಿಲೆ ಅಮೆರಿಕದಿಂದ ಬಂದ ಬೇರೆ ಗಿಡ, ಗುಣ ಮಾತ್ರ ಅದೇ. ನಾಯಿ ಸಾಕಿದವರು ಹರಳಿಂಡಿಯ ಮೂಟೆಯನ್ನು ಬಿಚ್ಚಿ ಇಡಬಾರದು. ಎಣ್ಣೆ ತೆಗೆದರೂ ಹರಳಿನ ವಿಷ ಹಿಂಡಿಯಲ್ಲಿಯೇ ಉಳಿಯುತ್ತದೆ. ಗಿಡದ ಬುಡಕ್ಕೆ ಹಾಕಿದ್ದನ್ನು ನಾಯಿ ಕೆದಕಿ ತಿಂದು ಸತ್ತರೆ ಯಾರೋ ವಿಷ ಹಾಕಿದರು ಅಂತ ನೆರೆಯವರ ಮೇಲೆ ಜಗಳ ಬೇರೆ. ಲಂಟಾನಕ್ಕೆ ಮಾತ್ರ ಇಂಥ ಒಂದು ಎಚ್ಚರಿಕೆಯ ಹೆಸರಿಲ್ಲ. ಇಲ್ಲಿಗೆ ಬಂದು ಇನ್ನೂರು ವರ್ಷವಷ್ಟೆ ಆಗಿದೆ.

ದನ ಲಂಟಾನ ಮೇಯ್ದಿದೆ ಎಂದು ಅನುಮಾನ ಬಂದರೆ ಮೊದಲು ನೆರಳಿಗೆ ಎಳೆದು ಕಟ್ಟಿ. ಹಗಲು ಹೊತ್ತು ಹೊರಗೆ ಬಿಡಬೇಡಿ. ಕೂಡಲೇ ಪಶುವೈದ್ಯರಿಗೆ ಹೇಳಿ, ಇಲ್ಲವೇ 1962ಕ್ಕೆ ಫೋನು ಮಾಡಿ. ಎಲೆ ಹೊಟ್ಟೆಯಲ್ಲಿ ಕೂತಿರುವ ತನಕ ವಿಷವನ್ನು ಅಲ್ಲಿಯೇ ಹಿಡಿದುಹಾಕುವ ಉಪಾಯ ಉಂಟು. 1980ರ ದಶಕದಲ್ಲಿ ಆಸ್ಟ್ರೇಲಿಯದವರು ಔಷಧಿಗೆಂದು ಸಂಸ್ಕರಿಸಿದ ಇದ್ದಿಲ ಪುಡಿಯನ್ನು ದೊಡ್ಡ ದನಕ್ಕೆ 2.5 ಕಿಲೋ ಲೆಕ್ಕದಲ್ಲಿ ಸುಮಾರು 20 ಲೀಟರ್ ದ್ರವದಲ್ಲಿ ಕದಡಿ ನಳಿಗೆಯ ಮೂಲಕ ಹೊಟ್ಟೆಗೆ ಬಿಟ್ಟು ಉಳಿಸಿದರು. ಅದು ದುಬಾರಿ ಅಂತ ಮುಂದೆ ಬೆಂಟೊನೈಟ್ ಎಂಬ ಜೇಡಿಯನ್ನೂ ಪರೀಕ್ಷೆ ಮಾಡಿದರು, ಅದೂ ಕೆಲಸ ಮಾಡಿತು, ಆದರೆ ಗುಣ ನಿಧಾನ. ಇದು ವೈದ್ಯರ ಕೈಯ ಕೆಲಸ. ಒಲೆಯ ಇದ್ದಿಲನ್ನು ಗೊಟ್ಟದಲ್ಲಿ ಹೊಯ್ಯಲು ಹೋಗಿ ಶ್ವಾಸಕ್ಕೆ ಇಳಿಸಬೇಡಿ.

ಆ ರೈತರ ಹಿತ್ತಿಲ ಬೇಲಿಯನ್ನು ಮಳೆಗೆ ಮುಂಚೆ ನಾವು ನಾಲ್ಕು ಜನ ಸೇರಿ ತೆಗೆದೆವು. ಕಡಿದರೆ ಚಿಗುರುತ್ತದೆ, ಬುಡ ಅಗೆದೇ ಕೀಳಬೇಕು. ಒಂದು ದಿನದ ಕೆಲಸ ಅಂದುಕೊಂಡದ್ದು ಮೂರು ದಿನ ಹಿಡಿಯಿತು. ಕಿತ್ತ ಗಿಡವನ್ನು ಅವರ ಮಗ ಕೊಟ್ಟಿಗೆಯ ಹಿಂದೆ ರಾಶಿ ಹಾಕುತ್ತಿದ್ದ. ಬಾಡಿದ ಸೊಪ್ಪಿಗೂ ವಿಷ ಇದೆಯಪ್ಪ ಎಂದು ಹೇಳಿ ಮತ್ತೆ ಅಷ್ಟನ್ನೂ ಗಾಡಿಗೆ ತುಂಬಿಸಿದೆವು.